ಮಸಾಲೆ ಬೀಳುವ ಮೊದಲು ನಾಯಿಯ ಪಾಲು

ಕರಾವಳಿಯ ಅಡುಗೆಮನೆಯಲ್ಲಿ ಹೆಚ್ಚಿನ ಪದಾರ್ಥಗಳು ಒಂದೇ ಕ್ರಮದಲ್ಲಿ ತಯಾರಾಗುತ್ತವೆ. ಮೊದಲು ತರಕಾರಿಯ ಹೋಳುಗಳು ಬರೀ ನೀರಿನಲ್ಲಿ ಬೇಯುತ್ತವೆ, ಅವು ಬೆಂದ ಮೇಲೆ ಉಪ್ಪು, ಹುಳಿ, ಬೆಲ್ಲ ಬೀಳುತ್ತವೆ, ಅದರ ಹಿಂದೆಯೇ ಕಾಯಿ ಅರೆದ ಮಸಾಲೆ ಸೇರುತ್ತದೆ, ಕಡೆಗೆ ಬೆಳ್ಳುಳ್ಳಿಯದೋ ಸಾಸಿವೆ-ಕರಿಬೇವಿನದೋ ಒಗ್ಗರಣೆಯಾಗುತ್ತದೆ. ಮನೆಯ ನಾಯಿಗೆ ತರಕಾರಿ, ಮೀನು, ಮೊಟ್ಟೆಯಂಥ ತಾಜಾ ಆಹಾರವನ್ನು ಸೇರಿಸಿ ಕೊಡಬೇಕೆಂದು ಬಯಸುವವರಿಗೆ ನಾನು ಹೇಳಬೇಕಾದ ಮಾತು ಮುಖ್ಯವಾಗಿ ಒಂದೇ: ಹೋಳು ಬೆಂದ ಮೇಲೆ, ಉಪ್ಪು ಬೀಳುವ ಮೊದಲು, ನಾಯಿಯ ಪಾಲನ್ನು ಎತ್ತಿಡಬೇಕು. ನಾಯಿಗೆ ಒಳ್ಳೆಯದಾದದ್ದು ನಮ್ಮ ಪಾತ್ರೆಯಲ್ಲಿ ಆ ಹೊತ್ತಿನವರೆಗೂ ಇರುತ್ತದೆ, ಅದಕ್ಕೆ ಕೆಡುಕಾಗುವುದೆಲ್ಲವೂ ಅದರ ನಂತರವೇ ಬೀಳುತ್ತದೆ.

ನಮ್ಮ ಮನೆ ಮಂಗಳೂರಿನ ಉರ್ವದ ಹತ್ತಿರ. ಚುಕ್ಕಿ ಎಂಬ ಊರುನಾಯಿ ನಮ್ಮೊಂದಿಗಿದ್ದಾಳೆ. ಅವಳಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆಯಾಗಿದೆ, ತೂಕ 18 ಕಿಲೋ ಆಸುಪಾಸಿನಲ್ಲಿರುತ್ತದೆ. ಅವಳ ಮುಖ್ಯ ಆಹಾರ ಅಂಗಡಿಯಲ್ಲಿ ಸಿಗುವ ಒಣ ಆಹಾರವೇ. ಬಟ್ಟಲಿನಲ್ಲಿ ಅದರ ಮೇಲೆ ಮನೆಯಲ್ಲಿ ಬೇಯಿಸಿದ್ದೇನಾದರೂ ಸ್ವಲ್ಪ ಬೀಳುತ್ತದೆ. ಪೊಟ್ಟಣದ ಆಹಾರ ಪರಿಪೂರ್ಣವೂ ಸಮತೋಲಿತವೂ ಆಗಿದ್ದರೆ ಮೇಲಿಂದ ಏನನ್ನಾದರೂ ಸೇರಿಸುವ ಅಗತ್ಯವೇನು ಎಂದು ಕೇಳುವವರಿದ್ದಾರೆ, ಅದು ನ್ಯಾಯವಾದ ಪ್ರಶ್ನೆ. ಆರೋಗ್ಯವಾಗಿರುವ ನಾಯಿ ಒಳ್ಳೆಯ ಪೊಟ್ಟಣದ ಆಹಾರವೊಂದರಲ್ಲೇ ಚೆನ್ನಾಗಿ ಬದುಕಬಲ್ಲದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಸೇರಿಸುವುದಕ್ಕೆ ನನಗೆ ಕಾರಣಗಳಿವೆ. ಒಣ ಆಹಾರದಲ್ಲಿ ನೀರಿನ ಅಂಶ ನೂರಕ್ಕೆ ಹತ್ತರಷ್ಟೋ ಅದಕ್ಕಿಂತ ತುಸು ಕಡಿಮೆಯೋ ಇರುತ್ತದೆ. ಬೇಯಿಸಿದ ತರಕಾರಿಯಲ್ಲಿ ಬಹುಪಾಲು ನೀರೇ. ನಮ್ಮ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಇದು ಸಣ್ಣ ವಿಷಯವಲ್ಲ. ತರಕಾರಿಯ ನಾರು ಮಲವನ್ನು ಹದವಾಗಿಡುತ್ತದೆ. ಕ್ಯಾಲೊರಿ ಕಡಿಮೆಯಿದ್ದು ಹೊಟ್ಟೆ ತುಂಬಿಸುವುದರಿಂದ, ಸದಾ ಹಸಿದಂತೆ ಕಾಣುವ ನಾಯಿಗೆ ಅದು ದೊಡ್ಡ ಉಪಕಾರ. ಮೀನಿನಲ್ಲಿ ಒಮೆಗಾ-3 ಕೊಬ್ಬಿದೆ. ಇವೆಲ್ಲದರ ಜೊತೆಗೆ, ಪ್ರತಿದಿನ ಒಂದೇ ವಾಸನೆಯ ಒಂದೇ ಕಾಳನ್ನು ತಿನ್ನುವ ಜೀವಕ್ಕೆ ಬೇರೆ ವಾಸನೆಯೊಂದು ಸಿಗುವುದೂ ಲಾಭವೇ ಎಂದು ನಾನು ನಂಬಿದ್ದೇನೆ.

ತರಕಾರಿಯ ವಿಷಯದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು 2005ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನ. ಸ್ಕಾಟಿಷ್ ಟೆರಿಯರ್ ತಳಿಯ ನಾಯಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬರುವ ಸಂಭವ ಇತರ ತಳಿಗಳಿಗಿಂತ ಬಹಳ ಹೆಚ್ಚು. ವಾರಕ್ಕೆ ಕನಿಷ್ಠ ಮೂರು ಸಲ ಹಸಿರು ಸೊಪ್ಪನ್ನೋ ಹಳದಿ-ಕಿತ್ತಳೆ ಬಣ್ಣದ ತರಕಾರಿಯನ್ನೋ ತಿನ್ನುತ್ತಿದ್ದ ನಾಯಿಗಳಲ್ಲಿ ಆ ಅಪಾಯ ಕಡಿಮೆಯಿದ್ದದ್ದು ಅಲ್ಲಿ ಕಂಡುಬಂತು. ಅದು ಒಂದೇ ತಳಿಯ ಮೇಲೆ, ಮಾಲೀಕರು ನೆನಪಿನಿಂದ ಕೊಟ್ಟ ಮಾಹಿತಿಯನ್ನು ನೆಚ್ಚಿ ನಡೆದ ಅಧ್ಯಯನವಾದ್ದರಿಂದ ತರಕಾರಿ ತಿನ್ನಿಸಿದರೆ ಕ್ಯಾನ್ಸರ್ ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಚೀನಿಕಾಯಿಯ (ಸಿಹಿಕುಂಬಳದ) ಒಂದು ಹೋಳಿಗೆ ಕೈಚಾಚಲು ನನಗೆ ಅಷ್ಟು ಸಾಕು.

ನಮ್ಮ ಕಡೆಯ ಹಿರಿಯರಿಗೆ ನಾಯಿಯ ಊಟವೆಂದರೆ ಕುಚ್ಚಲಕ್ಕಿ ಗಂಜಿ, ಮೀನಿನ ತಲೆ, ಉಳಿದ ಸಾರು. ಗಂಜಿ ನಾಯಿಗೆ ಸಲ್ಲದು, ನಾಯಿಯೆಂದರೆ ತೋಳ, ಅದಕ್ಕೆ ಮಾಂಸ ಮಾತ್ರ ಬೇಕು ಎನ್ನುವ ಮಾತು ಈಚೆಗೆ ಕೇಳಿಬರುತ್ತದೆ. ಅದು ಸರಿಯಲ್ಲ. 2013ರಲ್ಲಿ ಸ್ವೀಡನ್ನಿನ ಸಂಶೋಧಕರ ತಂಡವು ನಾಯಿ ಮತ್ತು ತೋಳಗಳ ವಂಶವಾಹಿಗಳನ್ನು ಹೋಲಿಸಿ, ಪಿಷ್ಟವನ್ನು ಕರಗಿಸುವ ಅಮೈಲೇಸ್ ಕಿಣ್ವವನ್ನು ಮೇದೋಜೀರಕ ಗ್ರಂಥಿಯಲ್ಲಿ ತಯಾರಿಸುವ ಜೀನಿನ ಪ್ರತಿಗಳು ನಾಯಿಗಳಲ್ಲಿ ತೋಳಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿವೆಯೆಂದು ತೋರಿಸಿತು. ಮನುಷ್ಯನ ಜೊತೆ, ಬೆಳೆ ಬೆಳೆಯುವ ಊರುಗಳಲ್ಲಿ ಸಾವಿರಾರು ವರ್ಷ ಬದುಕಿದ ಪ್ರಾಣಿ ಅನ್ನವನ್ನು ಅರಗಿಸಿಕೊಳ್ಳಲು ಕಲಿತಿದೆ. ಧಾನ್ಯರಹಿತ ಎಂದು ಬರೆದ ದುಬಾರಿ ಪೊಟ್ಟಣಗಳ ಬಗ್ಗೆ ನನಗಿರುವ ಅನುಮಾನಕ್ಕೆ ಇನ್ನೊಂದು ಕಾರಣವೂ ಉಂಟು: ಧಾನ್ಯದ ಬದಲು ಬಟಾಣಿ, ಬೇಳೆ ಮುಂತಾದ ದ್ವಿದಳಗಳನ್ನೇ ಹೆಚ್ಚಾಗಿ ತುಂಬಿದ ಅಂಥ ಆಹಾರಗಳಿಗೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂಬ ಬಗ್ಗೆ 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ತನಿಖೆ ಆರಂಭಿಸಿತ್ತು. ಅದೇ ಕಾರಣವೆಂದು ಸಾಬೀತಾಗಿಲ್ಲವಾದರೂ, ಕುಚ್ಚಲಕ್ಕಿಗೆ ಹೆದರುವ ಕಾರಣವಂತೂ ಇಲ್ಲ.

ಹಾಗೆಂದು ಗಂಜಿ-ಮೀನಿನ ಊಟ ಅಷ್ಟಕ್ಕೇ ಪೂರ್ಣವಾಗುವುದಿಲ್ಲ. ನಾಯಿಯ ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಪ್ರಮಾಣ ಸರಿಸುಮಾರು ಒಂದಕ್ಕೆ ಒಂದರಿಂದ ಎರಡಕ್ಕೆ ಒಂದರ ನಡುವೆ ಇರಬೇಕು. ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ತೀರಾ ಕಡಿಮೆ; ಅನ್ನದ ಕಥೆಯೂ ಹಾಗೆಯೇ. ಬರೀ ಅನ್ನ-ಕೋಳಿಯಲ್ಲಿ ಬೆಳೆದ ಮರಿಯ ಎಲುಬು ಸೊಟ್ಟಗಾಗುವುದು ಈ ಕಾರಣಕ್ಕೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು 2013ರಲ್ಲಿ ಪುಸ್ತಕ ಹಾಗೂ ಅಂತರಜಾಲಗಳಿಂದ ಆಯ್ದ 200 ಮನೆಯಡುಗೆಯ ವಿಧಾನಗಳನ್ನು ಪರೀಕ್ಷಿಸಿದಾಗ, ನೂರಕ್ಕೆ 95ರಲ್ಲಿ ಕನಿಷ್ಠ ಒಂದಾದರೂ ಅಗತ್ಯ ಪೋಷಕಾಂಶದ ಕೊರತೆಯಿತ್ತು. ಅವುಗಳಲ್ಲಿ ಪಶುವೈದ್ಯರೇ ಬರೆದವೂ ಇದ್ದವು. ಆದ್ದರಿಂದ ನಾನಿಲ್ಲಿ ಹೇಳುತ್ತಿರುವುದು ಪೊಟ್ಟಣದ ಆಹಾರವನ್ನು ಬಿಟ್ಟು ಮನೆಯ ಅಡುಗೆಗೆ ದಾಟುವ ವಿಷಯವನ್ನಲ್ಲ. ಹಾಗೆ ದಾಟಬೇಕೆನ್ನುವವರು ಪಶು ಪೋಷಣೆಯನ್ನು ಬಲ್ಲ ವೈದ್ಯರಿಂದ ತಮ್ಮ ನಾಯಿಗೆಂದೇ ಲೆಕ್ಕ ಹಾಕಿಸಿಕೊಳ್ಳಬೇಕು. ಸಮತೋಲಿತ ಆಹಾರದ ಮೇಲೆ ಸೇರಿಸುವ ಪಾಲು ದಿನದ ಒಟ್ಟು ಕ್ಯಾಲೊರಿಯಲ್ಲಿ ಹತ್ತನೆಯ ಒಂದು ಭಾಗವನ್ನು ಮೀರದಿದ್ದರೆ ಸಮತೋಲ ಕೆಡುವುದಿಲ್ಲ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಒಪ್ಪುವ ಮಿತಿ. ಬಿಸ್ಕತ್ತು, ಅಗಿಯುವ ಕಡ್ಡಿ, ಮಕ್ಕಳು ಮೇಜಿನ ಕೆಳಗೆ ಕೊಡುವ ತುಂಡುಗಳೆಲ್ಲ ಈ ಹತ್ತನೆಯ ಭಾಗದಲ್ಲೇ ಸೇರಬೇಕು.

ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು, ಏಕೆಂದರೆ ಅಂದಾಜು ಯಾವಾಗಲೂ ದೊಡ್ಡದಾಗಿಯೇ ಇರುತ್ತದೆ. ನಾಯಿಯ ತೂಕವನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಅದರಿಂದಲೇ ಎರಡು ಸಲ ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ತೆಗೆದು, 70ರಿಂದ ಗುಣಿಸಿದರೆ ಸುಮ್ಮನೆ ಮಲಗಿರುವ ನಾಯಿಗೆ ಬೇಕಾಗುವ ಕಿಲೋಕ್ಯಾಲೊರಿ ಸಿಗುತ್ತದೆ. 18 ಕಿಲೋದ ಚುಕ್ಕಿಗೆ ಅದು ಸುಮಾರು 610. ಸಂತಾನಶಕ್ತಿ ತೆಗೆಸಿದ, ಸಾಧಾರಣವಾಗಿ ಓಡಾಡುವ ವಯಸ್ಕ ನಾಯಿಗೆ ಅದರ 1.6 ಪಟ್ಟು ಎಂದು ಹಿಡಿದರೆ ದಿನಕ್ಕೆ 980ರ ಹತ್ತಿರವಾಗುತ್ತದೆ. ಹತ್ತನೆಯ ಒಂದು ಭಾಗವೆಂದರೆ 100 ಕಿಲೋಕ್ಯಾಲೊರಿಯೂ ಇಲ್ಲ. ಒಂದು ಬೇಯಿಸಿದ ಮೊಟ್ಟೆಯಲ್ಲಿ 70ರಷ್ಟಿರುತ್ತದೆ. ಬೇಯಿಸಿದ 100 ಗ್ರಾಂ ಚೀನಿಕಾಯಿಯಲ್ಲಿ 20ರಿಂದ 25. ಒಂದು ಹಿಡಿ ಕಾಯಿತುರಿ 30 ಗ್ರಾಂ ತೂಗಿದರೂ ಸಾಕು, 100 ದಾಟುತ್ತದೆ. ಅಂದರೆ ನಮ್ಮ ಅಡುಗೆಯ ಕಾಯಿ ಒಂದು ಹಿಡಿಯಷ್ಟು ಬಟ್ಟಲಿಗೆ ಬಿದ್ದರೆ ಆ ದಿನದ ಹೆಚ್ಚುವರಿ ಪಾಲು ಅಲ್ಲಿಗೇ ಮುಗಿಯಿತು, ಚೀನಿಕಾಯಿಯಾದರೆ ಧಾರಾಳವಾಗಿ ಕೊಡಬಹುದು. ಹೀಗೆ ಸೇರಿಸಿದ ದಿನ ಒಣ ಆಹಾರವನ್ನು ಅಷ್ಟೇ ಕ್ಯಾಲೊರಿಯಷ್ಟು ಕಡಿಮೆ ಮಾಡಬೇಕು. ಸಾಮಾನ್ಯವಾಗಿ 100 ಗ್ರಾಂ ಒಣ ಆಹಾರದಲ್ಲಿ 350ರಿಂದ 400 ಇರುವುದರಿಂದ, ಕಡಿಮೆ ಮಾಡಬೇಕಾದದ್ದು ಹೆಚ್ಚೆಂದರೆ 25-30 ಗ್ರಾಂ.

ಕಡಿಮೆ ತಿನ್ನಿಸುವುದು ಪ್ರೀತಿ ಕಡಿಮೆ ಮಾಡಿದಂತೆ ಎಂದು ನಮ್ಮವರು ಭಾವಿಸುತ್ತಾರೆ. ಇದರ ಬಗ್ಗೆ ಒಂದು ಗಟ್ಟಿಯಾದ ಸಾಕ್ಷ್ಯ ಇದೆ. 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಗಳಾಗಿದ್ದಾಗಿನಿಂದ ಸಾಯುವ ತನಕ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಜೊತೆಗಾರ ನಾಯಿಗಿಂತ ಕಾಲು ಪಾಲು ಕಡಿಮೆ ತಿಂದ ನಾಯಿಗಳು ಮಧ್ಯಮ ಲೆಕ್ಕದಲ್ಲಿ 1.8 ವರ್ಷ ಹೆಚ್ಚು ಬದುಕಿದವು, ಕೀಲುನೋವೂ ಅವುಗಳಿಗೆ ತಡವಾಗಿ ಬಂತು. ನಾಯಿಯ ಆಯುಷ್ಯದಲ್ಲಿ ಅದು ಬಹಳ ದೊಡ್ಡ ಕಾಲ. ಮಂಗಳೂರಿನ ಫ್ಲ್ಯಾಟುಗಳಲ್ಲಿ ಲ್ಯಾಬ್ರಡಾರ್ ಸಾಕುವವರು ಬಹಳ ಮಂದಿ, ಆ ನಾಯಿಗಳಲ್ಲಿ ಹಲವಕ್ಕೆ ಸೊಂಟವೇ ಕಾಣುವುದಿಲ್ಲ. ಈ ತಳಿಯ ಸುಮಾರು ನಾಲ್ಕರಲ್ಲಿ ಒಂದು ನಾಯಿಗೆ ಹೊಟ್ಟೆ ತುಂಬಿದ ಸೂಚನೆ ಕೊಡುವ ಜೀನಿನಲ್ಲಿ ಲೋಪವಿದೆಯೆಂದು 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಕಂಡುಕೊಂಡರು. ಆದ್ದರಿಂದ ಅದು ಬೇಡುತ್ತದೆಯೆಂದು ಕೊಡುತ್ತ ಹೋದರೆ ಬೇಡುವುದು ನಿಲ್ಲುವುದಿಲ್ಲ. ಪಕ್ಕೆಯ ಮೇಲೆ ಅಂಗೈಯನ್ನು ಹಗುರವಾಗಿ ಆಡಿಸಿದಾಗ ಎಲುಬುಗಳು ಕೈಗೆ ಸಿಗಬೇಕು. ಚಾಚಿದ ಹಸ್ತದ ಹಿಂಬದಿಯನ್ನು ಸವರಿದರೆ ಹೇಗೆ ತಾಗುತ್ತದೋ ಹಾಗಿದ್ದರೆ ನಾಯಿಯ ಮೈ ಹದವಾಗಿದೆ ಎಂದರ್ಥ.

ಇನ್ನು ಪಾತ್ರೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಚೀನಿಕಾಯಿ, ಅಲಸಂಡೆ, ಕ್ಯಾರೆಟ್, ಬೀನ್ಸ್, ಗೆಣಸು, ಸೌತೆ ಇವೆಲ್ಲ ಚುಕ್ಕಿಯ ಬಟ್ಟಲಿಗೂ ಬರುತ್ತವೆ. ಬೇಯಿಸಿಯೇ ಕೊಡಬೇಕೆಂಬುದಕ್ಕೆ ಕಾರಣ ಸರಳ: ನಾಯಿ ಅಗಿದು ತಿನ್ನುವ ಪ್ರಾಣಿಯಲ್ಲ, ಅದರ ಎಂಜಲಿನಲ್ಲಿ ಪಿಷ್ಟ ಕರಗಿಸುವ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ, ಸಸ್ಯಕೋಶದ ಗೋಡೆಯನ್ನು ಒಡೆಯುವ ಶಕ್ತಿ ಅದರ ಕರುಳಿಗೂ ಇಲ್ಲ. ಹಸಿ ಕ್ಯಾರೆಟ್ಟಿನ ತುಂಡುಗಳನ್ನು ತಿಂದ ನಾಯಿಯ ಮಲದಲ್ಲಿ ಮರುದಿನ ಅದೇ ಕಿತ್ತಳೆ ತುಂಡುಗಳು ಹಾಗೆಯೇ ಕಾಣುತ್ತವೆ. ಅಗಿಯುವ ಖುಷಿಗೆ ಹಸಿ ಕ್ಯಾರೆಟ್ ಒಳ್ಳೆಯದೇ, ಆದರೆ ಪೋಷಣೆ ಸಿಗಬೇಕಾದರೆ ಬೇಯಿಸಿ, ಚಮಚದ ಹಿಂಬದಿಯಿಂದ ಹಿಸುಕಿ ಕೊಡಬೇಕು. ಚೀನಿಕಾಯಿ, ಕ್ಯಾರೆಟ್‌ಗಳ ಕಿತ್ತಳೆ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೋಟಿನನ್ನು ನಾಯಿಯ ದೇಹ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಬೆಕ್ಕಿಗೆ ಆ ಸಾಮರ್ಥ್ಯವಿಲ್ಲ. ಸಿ ಜೀವಸತ್ವವನ್ನು ನಾಯಿಯ ಪಿತ್ತಜನಕಾಂಗವೇ ತಯಾರಿಸುವುದರಿಂದ ನೆಲ್ಲಿಕಾಯಿ, ನಿಂಬೆಹಣ್ಣುಗಳನ್ನು ಅದಕ್ಕೆ ತಿನ್ನಿಸುವ ಪ್ರಯಾಸ ಬೇಡ.

ಸೌತೆ, ಸೋರೆ, ಹೀರೆಗಳನ್ನು ಹೆಚ್ಚುವಾಗ ಒಂದು ಚೂರನ್ನು ನಾವೇ ಬಾಯಿಗೆ ಹಾಕಿ ನೋಡುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಕಹಿಯಾಗಿದ್ದರೆ ಅದರಲ್ಲಿರುವ ಕುಕುರ್ಬಿಟಾಸಿನ್ ಎಂಬ ವಸ್ತು ಮನುಷ್ಯರಿಗೂ ವಾಂತಿ-ಭೇದಿ ತರುತ್ತದೆ, ನಾಯಿಗೂ ಅದು ಬೇಡ. ಬಸಳೆ, ಹರಿವೆ, ಪಾಲಕ್ ಸೊಪ್ಪುಗಳಲ್ಲಿ ಮೂತ್ರದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಹೆಚ್ಚು. ಬೇಯಿಸಿದ ನೀರನ್ನು ಚೆಲ್ಲಿ ಅಪರೂಪಕ್ಕೆ ಒಂದೆರಡು ಚಮಚ ಕೊಡಬಹುದು, ಮೂತ್ರದಲ್ಲಿ ಕಲ್ಲಾಗಿದ್ದ ನಾಯಿಗೆ ಮಾತ್ರ ಅದೂ ಬೇಡ. ಕೆಸುವಿನ ಎಲೆ, ಸುವರ್ಣಗಡ್ಡೆಗಳು ನಮಗೇ ಬಾಯಿ ತುರಿಸುತ್ತವೆ, ಹುಳಿ ಹಾಕಿ ಬೇಯಿಸಿದರಷ್ಟೇ ತಾಳಿಕೊಳ್ಳುತ್ತೇವೆ. ಹುಳಿಯನ್ನು ನಾಯಿಗೆ ಹಾಕುವಂತಿಲ್ಲವಾದ್ದರಿಂದ ಪತ್ರೊಡೆಯ ದಿನ ಅದಕ್ಕೆ ಪಾಲಿಲ್ಲ. ಬಟಾಟೆ ಬೇಯಿಸಿದ್ದಾದರೆ ಆದೀತು, ಹಸಿರಾದದ್ದು, ಮೊಳಕೆ ಬಂದದ್ದು ಬೇಡ. ಮಾವು, ಪಪ್ಪಾಯಿ, ಬಾಳೆ, ಕಲ್ಲಂಗಡಿ ಹಣ್ಣುಗಳನ್ನು ಬೀಜ-ಸಿಪ್ಪೆ ತೆಗೆದು ಒಂದೆರಡು ತುಂಡು ಕೊಡಬಹುದು. ಮಾವಿನ ಗೊರಟು ಮಾತ್ರ ಬಾಯಿಗೆ ಸಿಗಬಾರದು, ಅದು ಕರುಳಿನಲ್ಲಿ ಅಡ್ಡ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಹಿತ್ತಿಲಲ್ಲಿ ಮರವಿರುವವರು ಮೇ ತಿಂಗಳಿಡೀ ಈ ಬಗ್ಗೆ ಎಚ್ಚರವಾಗಿರಬೇಕಾಗುತ್ತದೆ.

ಉಪ್ಪಿಗೆ ಮೊದಲು ಎತ್ತಿಡಬೇಕೆಂದಾಗ ನಮ್ಮಮ್ಮ ಮೊದಮೊದಲು ಒಪ್ಪಲಿಲ್ಲ. "ಉಪ್ಪು-ಹುಳಿ ಇಲ್ಲದ್ದನ್ನು ಅದು ಹೇಗೆ ತಿನ್ನುವುದು ಮಾರಾಯ? ಅದಕ್ಕೂ ನಾಲಿಗೆ ಉಂಟಲ್ಲ, ಪಾಪ" ಎಂದರು. ಆ ಮಾತಿನ ಹಿಂದಿರುವ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೆ ನಾಯಿಯ ನಾಲಿಗೆಯಲ್ಲಿ ರುಚಿಮೊಗ್ಗುಗಳು ನಮ್ಮದಕ್ಕಿಂತ ಬಹಳ ಕಡಿಮೆ, ಅದು ಆಹಾರವನ್ನು ಮೆಚ್ಚುವುದು ಬಹುಪಾಲು ಮೂಗಿನಿಂದಲೇ. ಚೀನಿಕಾಯಿಯನ್ನು ಉಗುರುಬೆಚ್ಚಗಿರುವಾಗ ಒಣ ಆಹಾರದೊಡನೆ ಕಲಸಿ, ಬೆಂದ ನೀರನ್ನೂ ಎರಡು ಚಮಚ ಸುರಿದು ಕೊಟ್ಟರೆ ವಾಸನೆ ಎದ್ದು ಬರುತ್ತದೆ. ಈಗ ಅಮ್ಮನೇ ಉಪ್ಪಿನ ಭರಣಿಗೆ ಕೈ ಹಾಕುವ ಮೊದಲು ಸೌಟಿನಲ್ಲಿ ಹೋಳು ತೆಗೆದು ಚುಕ್ಕಿಯ ಸ್ಟೀಲು ಬಟ್ಟಲಿಗೆ ಹಾಕಿಡುತ್ತಾರೆ.

ಮೀನಿನ ಬಗ್ಗೆ ತುಸು ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಈ ವಿಷಯದಲ್ಲಿ ನಮ್ಮಷ್ಟು ಅನುಕೂಲ ಬೇರೆ ಊರಿನವರಿಗಿಲ್ಲ. ಬೇರೆಡೆ ಜನ ಮೀನೆಣ್ಣೆಯ ಬಾಟಲಿಗೆ ನೂರಾರು ರೂಪಾಯಿ ತೆರುತ್ತಾರೆ. ಇಲ್ಲಿ ದಕ್ಕೆಯಲ್ಲಿ, ಮಲ್ಪೆಯಲ್ಲಿ, ಉರ್ವ ಮಾರುಕಟ್ಟೆಯಲ್ಲಿ ಅದೇ ಎಣ್ಣೆ ಭೂತಾಯಿ (ಸಾರ್ಡೀನ್) ಮೀನಿನ ರೂಪದಲ್ಲಿ ಬುಟ್ಟಿಗಟ್ಟಲೆ ಬರುತ್ತದೆ. ಒಮೆಗಾ-3 ಕೊಬ್ಬು ಚರ್ಮ, ಕೂದಲು, ಕೀಲುಗಳಿಗೆ ಒಳ್ಳೆಯದು. ಅದರ ಜೊತೆ ಡಿ ಜೀವಸತ್ವವೂ ಸಿಗುತ್ತದೆ, ಇದು ನಾಯಿಯ ಮಟ್ಟಿಗೆ ಮುಖ್ಯ, ಏಕೆಂದರೆ ಬಿಸಿಲಿಗೆ ಮೈಯೊಡ್ಡಿದರೆ ನಮ್ಮ ಚರ್ಮದಲ್ಲಿ ಅದು ತಯಾರಾಗುವಂತೆ ನಾಯಿಯ ಚರ್ಮದಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಆಹಾರದಿಂದಲೇ ಬರಬೇಕು. ಸಣ್ಣ ಮೀನಾದ್ದರಿಂದ ದೊಡ್ಡ ಮೀನುಗಳಲ್ಲಿ ಸೇರಿಕೊಳ್ಳುವ ಪಾದರಸದ ಭಯವೂ ಕಡಿಮೆ.

ಮಾರುಕಟ್ಟೆಯಲ್ಲಿ ನಾನು ಮೀನು ಕೊಳ್ಳುವ ಅಕ್ಕ, ನಾಯಿಗೆಂದು ತಿಳಿದ ಮೇಲೆ, "ನಾಯಿಗಾದರೆ ಬಂಗುಡೆ ತಲೆ ಬೇರೆ ಕಟ್ಟಿ ಕೊಡ್ತೇನೆ ಅಣ್ಣಾ, ಅದಕ್ಕೆ ದುಡ್ಡು ಬೇಡ" ಎನ್ನುತ್ತಾರೆ. ಅವರ ಉದಾರತೆಗೆ ಕೈಮುಗಿದು, ನಾನು ಭೂತಾಯಿಯನ್ನೇ ಕೇಳಿ ತರುತ್ತೇನೆ. ತಲೆಯಲ್ಲಿ ಕಿವಿರಿನ ಗಟ್ಟಿ ಮುಚ್ಚಳವೂ ಚೂಪಾದ ಮುಳ್ಳುಗಳೂ ಇರುತ್ತವೆ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಭೂತಾಯಿಯ ಹುರುಪೆಯನ್ನು ಬೆರಳಿನಿಂದ ಉಜ್ಜಿದರೂ ಹೋಗುತ್ತದೆ. ತಲೆ, ರೆಕ್ಕೆ, ಬಾಲ ತೆಗೆದು, ಹೊಟ್ಟೆ ಸೀಳಿ ಕರುಳು ತೆಗೆದು ಎರಡು ನೀರಿನಲ್ಲಿ ತೊಳೆದರೆ ಸಾಕು, ಲಿಂಬೆ ಬೇಡ, ಉಪ್ಪು ಹಚ್ಚಿಡುವುದು ಬೇಡ. ಅದು ಮುಳುಗುವಷ್ಟೇ ನೀರು ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆಯಷ್ಟು ಬೇಯಿಸಬೇಕು. ತಣಿದ ಮೇಲೆ ನಡುಮುಳ್ಳನ್ನು ಎರಡು ಬೆರಳ ನಡುವೆ ಹಿಸುಕಿ ನೋಡಿ. ಹಿಟ್ಟಿನಂತೆ ಪುಡಿಯಾದರೆ ಅದನ್ನೂ ಸೇರಿಸಿ ಮಸೆಯಬಹುದು, ಕ್ಯಾಲ್ಸಿಯಂ ಅಲ್ಲೇ ಇರುವುದು. ಗಡುಸಾಗಿ ಬೆರಳಿಗೆ ಚುಚ್ಚಿದರೆ ಇನ್ನೂ ಬೇಯಿಸಿ, ಇಲ್ಲವೇ ತೆಗೆದುಬಿಡಿ. ಬಂಗುಡೆಯ ಮುಳ್ಳು ಇಷ್ಟು ಸುಲಭವಾಗಿ ಕರಗುವುದಿಲ್ಲ, ಅದರ ಮಾಂಸವನ್ನಷ್ಟೇ ಬಿಡಿಸಿ ಕೊಡಬೇಕು.

ಭೂತಾಯಿಯ ಕೊಬ್ಬು ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ, ಮಳೆಗಾಲ ಕಳೆದ ಮೇಲೆ ಸಿಗುವ ಮೀನು ಬೆಂದಾಗ ನೀರಿನ ಮೇಲೆ ಎಣ್ಣೆಯ ಪದರವೇ ನಿಲ್ಲುತ್ತದೆ. ಅಂಥ ಮೀನು ಸಣ್ಣದು ಎರಡು ಹಾಕಿದರೆ ಚುಕ್ಕಿಯ ಗಾತ್ರದ ನಾಯಿಗೆ ಆ ದಿನದ ಹೆಚ್ಚುವರಿ ಪಾಲು ಬಹುಮಟ್ಟಿಗೆ ತುಂಬಿತು. ವಾರಕ್ಕೆ ಎರಡು ದಿನ ಸಾಕು. ಹಸಿ ಮೀನನ್ನು ಕೊಡುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ: ಹಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಥಯಾಮಿನೇಸ್ ಎಂಬ ಕಿಣ್ವವಿರುತ್ತದೆ, ಬೇಯಿಸಿದರೆ ಮಾತ್ರ ಅದು ಕೆಡುತ್ತದೆ, ಪರೋಪಜೀವಿ ಹುಳುಗಳ ಮಾತು ಬೇರೆಯೇ ಇದೆ. ಇದಕ್ಕೆ ಎದುರಾದದ್ದು ಹಳಸಿದ ಮೀನಿನ ವಿಷಯ. ಬಂಗುಡೆ, ಭೂತಾಯಿ, ಕೇದರ ಜಾತಿಯ ಮೀನುಗಳನ್ನು ಐಸಿಲ್ಲದೆ ಬಿಸಿಲಿನಲ್ಲಿಟ್ಟರೆ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಉತ್ಪಾದಿಸುತ್ತವೆ, ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಮನುಷ್ಯರಿಗೆ ಆಗದಷ್ಟು ಹಳತಾದ ಮೀನು ನಾಯಿಗಾದೀತು ಎಂಬ ಲೆಕ್ಕ ತಪ್ಪು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನಗಳಲ್ಲಿ ನಾಡದೋಣಿಯವರು ತಂದದ್ದು ಸಿಕ್ಕಿದರೆ ಸರಿ, ಇಲ್ಲವಾದರೆ ಮೊಟ್ಟೆ. ಆ ಕೊರತೆಗೆ ಒಣಮೀನು ಪರಿಹಾರವಲ್ಲ; ಅದರಲ್ಲಿರುವ ಉಪ್ಪು ನಾಯಿಗೆ ವಿಪರೀತ.

ಮೊಟ್ಟೆಯ ಬಗ್ಗೆ ಹೇಳುವುದು ಕಡಿಮೆ. ಬೇಯಿಸಿ ಕೊಡಿ, ಹಸಿ ಬಿಳಿಭಾಗದ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಜೀವಸತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಂದರೆ ಆ ಗುಣ ಹೋಗುತ್ತದೆ. ಕೋಳಿಯ ಲಿವರ್ ಬಹಳ ಪೌಷ್ಟಿಕವಾದರೂ ಎ ಜೀವಸತ್ವ ಅತಿಯಾಗುವ ಭಯವಿರುವುದರಿಂದ ಒಂದು ಸಣ್ಣ ತುಂಡು, ಅದೂ ವಾರಕ್ಕೊಮ್ಮೆ. ಮೊಸರು ಕೆಲವು ನಾಯಿಗಳಿಗೆ ಹಿಡಿಸುತ್ತದೆ, ಕೆಲವಕ್ಕೆ ಅದರ ಲ್ಯಾಕ್ಟೋಸಿನಿಂದ ಭೇದಿಯಾಗುತ್ತದೆ.

ಉಪ್ಪಿನ ನಂತರ ಪಾತ್ರೆಗೆ ಬೀಳುವವುಗಳಲ್ಲಿ ನನ್ನನ್ನು ಅತಿಯಾಗಿ ಚಿಂತೆಗೀಡುಮಾಡುವುದು ಹುಣಸೆಹುಳಿ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆಂಬುದು ಹಿಂದಿನಿಂದಲೇ ಗೊತ್ತಿದ್ದರೂ ಅವುಗಳಲ್ಲಿರುವ ಯಾವ ವಸ್ತು ಕಾರಣವೆಂದು ತಿಳಿದಿರಲಿಲ್ಲ. ಹುಣಸೆಯನ್ನೂ ಬೇಕಿಂಗಿಗೆ ಬಳಸುವ ಕ್ರೀಮ್ ಆಫ್ ಟಾರ್ಟರನ್ನೂ ತಿಂದ ನಾಯಿಗಳಲ್ಲಿ ಅದೇ ಬಗೆಯ ಮೂತ್ರಪಿಂಡದ ಹಾನಿಯನ್ನು ಕಂಡ ಅಮೆರಿಕದ ಪಶು ವಿಷವೈದ್ಯರು, ಇವೆಲ್ಲದರಲ್ಲೂ ಇರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ ಪ್ರತಿಪಾದಿಸಿದ್ದಾರೆ. ಹುಣಸೆಯಿಲ್ಲದೆ ಒಂದು ದಿನವೂ ಒಲೆ ಹೊತ್ತದ ನಮ್ಮ ಊರಿನಲ್ಲಿ ಇದು ಮನೆಮನೆಗೂ ತಲುಪಬೇಕಾದ ಸುದ್ದಿ. ಮೀನಿನ ಗಸಿ, ಸಾಂಬಾರು, ಸಾರು ಕಲಸಿದ ಅನ್ನವನ್ನು ನಾಯಿಗೆ ಹಾಕುವ ರೂಢಿ ನಿಲ್ಲಲಿ ಎಂದು ನಾನು ಬಯಸುವುದು ಮುಖ್ಯವಾಗಿ ಇದಕ್ಕಾಗಿ. ತಲೆಮಾರುಗಳಿಂದ ನಾಯಿಗಳು ತಿಂದು ಬದುಕಿವೆಯಲ್ಲ ಎಂಬ ಮಾತು ಬರುತ್ತದೆ. ಬದುಕಿದವು ಕಣ್ಣಿಗೆ ಬೀಳುತ್ತವೆ, ಅನ್ನ ಬಿಟ್ಟು ಮೂಲೆ ಹಿಡಿದು ಸತ್ತ ನಾಯಿಗೆ ಏನಾಗಿತ್ತೆಂದು ಆ ಕಾಲದಲ್ಲಿ ರಕ್ತಪರೀಕ್ಷೆ ಮಾಡಿಸಿದವರು ಯಾರೂ ಇಲ್ಲ.

ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಹುರಿದರೂ ಪುಡಿ ಮಾಡಿದರೂ ಆ ವಿಷ ಉಳಿಯುತ್ತದೆ. ತಿಂದ ದಿನವೇ ಏನೂ ಕಾಣದೆ, ಕೆಲವು ದಿನಗಳ ಮೇಲೆ ಒಸಡು ಬಿಳಿಚಿಕೊಂಡು, ಮೂತ್ರ ಕಂದಾಗಿ, ನಾಯಿ ಸುಸ್ತಾಗುವುದರಿಂದ ಕಾರಣ ಹೊಳೆಯುವುದೇ ಇಲ್ಲ. ಕೋರಿರೊಟ್ಟಿ, ಸುಕ್ಕ ಮಾಡಿದ ಭಾನುವಾರ ಗಸಿಯ ಜೊತೆ ಎಲುಬೂ ಹೋಗುತ್ತದೆ. ಬೆಂದ ಕೋಳಿಯ ಎಲುಬು ಚೂಪಾಗಿ ಸೀಳುತ್ತದೆ, ಕಾಯಿ ಮತ್ತು ತುಪ್ಪದ ಜಿಡ್ಡು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿಮಾಡುತ್ತದೆ. ಹಬ್ಬಗಳಲ್ಲಿ ಪಾಯಸದ ದ್ರಾಕ್ಷಿಯನ್ನು ಮರೆಯಬಾರದು. ಕ್ರಿಸ್ಮಸ್ಸಿನ ಹೊತ್ತಿಗೆ ನೆರೆಮನೆಯಿಂದ ಪ್ರೀತಿಯಿಂದ ಬರುವ ಕುಸ್ವಾರಿನ ತಟ್ಟೆಯಲ್ಲಿ ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿಯ ಕೇಕಿರುತ್ತದೆ, ಅದನ್ನು ನಾಯಿಯ ಮೂಗಿಗೆ ಎಟುಕದ ಎತ್ತರದಲ್ಲಿಡಬೇಕು. ಚಾಕೊಲೇಟ್, ಕಾಫಿ, ಸಕ್ಕರೆರಹಿತ ತಿಂಡಿಗಳಲ್ಲಿ ಬಳಸುವ ಜೈಲಿಟಾಲ್ ಇವು ಎಲ್ಲಿಯ ನಾಯಿಗೂ ವಿಷವೇ. ಇವುಗಳಲ್ಲಿ ಯಾವುದನ್ನಾದರೂ ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಬೇಕು.

ಮಳೆಗಾಲದಲ್ಲಿ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ನಮ್ಮ ತೇವದಲ್ಲಿ ಬಾಯಿ ತೆರೆದಿಟ್ಟ ಒಣ ಆಹಾರ ಬೇಗ ಮೆದುವಾಗಿ ಬೂಸ್ಟು ಹಿಡಿಯುತ್ತದೆ, ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ನಾಯಿಯ ಪಿತ್ತಜನಕಾಂಗಕ್ಕೆ ಮಾರಕ. ಬೂಸ್ಟು ಹಿಡಿದ ನೆಲಗಡಲೆ, ಅಕ್ಕಿ, ಬ್ರೆಡ್ಡಿಗೂ ಇದೇ ಮಾತು ಅನ್ವಯಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಣ್ಣ ಪೊಟ್ಟಣಗಳನ್ನೇ ತಂದು, ಪೊಟ್ಟಣದ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಒಳ್ಳೆಯದು. ತರಕಾರಿ-ಮೀನು ಕಲಸಿದ ಬಟ್ಟಲನ್ನು ತಿಂದು ಮುಗಿದೊಡನೆ ಎತ್ತಿ ತೊಳೆಯಬೇಕು, ಉಳಿದದ್ದನ್ನು ಸಂಜೆಗೆಂದು ಹೊರಗಿಡಬಾರದು.

ಹೊಸ ಆಹಾರವನ್ನು ಒಂದೊಂದಾಗಿ ಪರಿಚಯಿಸಬೇಕು. ಒಂದು ಚಮಚದಿಂದ ಆರಂಭಿಸಿ, ಮೂರು-ನಾಲ್ಕು ದಿನ ಮಲವನ್ನೂ ಚರ್ಮವನ್ನೂ ಗಮನಿಸಿ, ತೊಂದರೆಯಿಲ್ಲವೆಂದಾದ ಮೇಲೆ ಮುಂದಿನದಕ್ಕೆ ಹೋಗಬೇಕು; ಒಮ್ಮೆಗೇ ನಾಲ್ಕು ಬಗೆ ಹಾಕಿದರೆ ಭೇದಿಯಾದಾಗ ಯಾವುದನ್ನು ನಿಲ್ಲಿಸಬೇಕೆಂದೇ ತಿಳಿಯುವುದಿಲ್ಲ. ಆರೋಗ್ಯವಂತ ವಯಸ್ಕ ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಬರೆದದ್ದೆಲ್ಲ ಬೇರೆ ನಾಯಿಗಳಿಗೆ ಹಾಗೆಯೇ ಹೊಂದುವುದಿಲ್ಲ. ಮೂತ್ರಪಿಂಡದ ಕಾಯಿಲೆಯಿರುವ ನಾಯಿಗೆ ಮೀನು-ಮೊಟ್ಟೆಯ ರಂಜಕ ಭಾರವಾಗುತ್ತದೆ. ಡಾಲ್ಮೇಷಿಯನ್ ತಳಿಗೆ ಮೂತ್ರದಲ್ಲಿ ಯೂರೇಟ್ ಎಂಬ ಬಗೆಯ ಕಲ್ಲುಗಳಾಗುವ ಸ್ವಭಾವವಿರುವುದರಿಂದ, ಅದಕ್ಕೆ ದಾರಿಮಾಡುವ ಭೂತಾಯಿಯೂ ಲಿವರೂ ಸಲ್ಲವು. ಶ್ನೌಜರ್ ನಾಯಿಗೆ ಕೊಬ್ಬು ಅರಗುವುದು ಕಷ್ಟ. ಮಧುಮೇಹಕ್ಕೆ ಇನ್ಸುಲಿನ್ ಪಡೆಯುವ ನಾಯಿಯ ಬಟ್ಟಲಿನಲ್ಲಿ ಗೆಣಸಿನ ಒಂದು ತುಂಡೂ ಲೆಕ್ಕಕ್ಕೆ ಬರುತ್ತದೆ. ವರ್ಷದ ಚುಚ್ಚುಮದ್ದಿಗೆ ಹೋಗುವಾಗ, ಒಂದು ವಾರದಲ್ಲಿ ನಾಯಿಯ ಬಾಯಿಗೆ ಬಿದ್ದದ್ದೆಲ್ಲವನ್ನೂ, ಅಜ್ಜಿ ಚಹಾದ ಹೊತ್ತಿಗೆ ಕೊಡುವ ಬಿಸ್ಕತ್ತಿನ ಸಮೇತ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಯಾವುದನ್ನು ಹೆಚ್ಚಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು ಅವರಿಗೆ ಆಗ ಸುಲಭವಾಗುತ್ತದೆ.